ಸೊಂಟದ ಹತ್ತಿ

ತಂಗೀ,

ಬರೆಯುವುದೆಂದರೆ ನನಗಾಗದು ಎಂದು ಗೊತ್ತಿದ್ದೂ ನಿನ್ನ ಮಗಳು ಕೈಗೆ ಪೆನ್ನು ತುರುಕಿ ಕೂರಿಸಿದ್ದಾಳೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳಿಗೆ ಇದೊಂದು ಶಿಕ್ಷೆ. "ಸತ್ತೋಳಿಗೆ ಯಾವ ವಿಳಾಸ ಹಾಕ್ಲೇ?" ಎಂದರೆ, "ಮೊದ್ಲು ಬರಿ ದೊಡ್ಡಮ್ಮ, ಆಮೇಲೆ ಬೈಯಿ" ಅನ್ನುತ್ತಾಳೆ. ಥೇಟ್ ನಿನ್ನ ಬಾಯಿ.

ಬಾಯಿ ಮಾತ್ರವಲ್ಲ, ಮೈಯೂ ನಿನ್ನದೇ. ಮುಖ, ಕತ್ತು ತುಂಬಿಕೊಂಡು, ಕೈಕಾಲು ಮಾತ್ರ ನರ ಎದ್ದು ಕಾಣುವಷ್ಟು ಒಣಕಲು. ನಿನಗೆ ಮಾಡಿದಂತೆಯೇ ಅವಳ ಬಟ್ಟೆಗೂ ಸೊಂಟದಲ್ಲಿ, ತೋಳಿನಲ್ಲಿ ಒಳಗಿನಿಂದ ಹತ್ತಿ ಇಟ್ಟು ಹೊಲಿಯುತ್ತಿದ್ದೆ. ಯಾರೂ ಆಡಿಕೊಳ್ಳಬಾರದಲ್ಲ.

ಇವತ್ತು ಅವಳ ಸಕ್ಕರೆ ಕಾಯಿಲೆಗೆಂದು ಹೊಸ ಡಾಕ್ಟರಮ್ಮನ ಹತ್ತಿರ ಹೋಗಿದ್ದೆವು. ಅವರು ಬಟ್ಟೆ ಬದಲಿಸಲು ಹೇಳಿ, ಕಳಚಿಟ್ಟದ್ದನ್ನು ಹಿಸುಕಿ, "ಇದೇನಮ್ಮಾ, ದಿಂಬಾ?" ಎಂದರು. ಕೈಕಾಲು ನೋಡಿದ ಮೇಲೆ ನಗಲಿಲ್ಲ. ಈ ಮೈಗೆ ಕೈಕಾಲಲ್ಲಿ ಕೊಬ್ಬು ಕೂಡಿಡಲು ಜಾಗವೇ ಇಲ್ಲವಂತೆ. ಅದು ಲಿವರಿಗೆ, ರಕ್ತಕ್ಕೆ ನುಗ್ಗುತ್ತದಂತೆ. ತಾಯಿಯ ಜೀನಿನಿಂದ ಬಂದದ್ದಂತೆ. "ಕಂಡದ್ದೆಲ್ಲ ತಿಂದು ಬಂದ ಕಾಯಿಲೆ ಅಲ್ಲ ಇದು, ಮಗುವಿನ ತಪ್ಪೇನಿಲ್ಲ. ಬೇಗ ಗೊತ್ತಾಯ್ತು, ಹತೋಟಿಗೆ ತರಬಹುದು" ಎಂದರು. ಹುಡುಗಿ ಅಲ್ಲೇ ಅತ್ತುಬಿಟ್ಟಳು.

ನಿನಗೂ ಇದೇ ಸಕ್ಕರೆ ಕಾಯಿಲೆ ಇತ್ತಲ್ಲ, ನಿನ್ನ ಡಾಕ್ಟರುಗಳು ಬಟ್ಟೆಯ ಮೇಲಿಂದಲೇ ನೋಡಿ, "ತಿನ್ನೋದು ಕಡಿಮೆ ಮಾಡಿ" ಎಂದು ಕಳಿಸುತ್ತಿದ್ದರು. ನನ್ನ ಹೊಲಿಗೆ ಅಷ್ಟು ಚೆನ್ನಾಗಿತ್ತು.

ಮಗಳಿಗೆ ಹೊಲಿಯಲು ಹೊಸ ಬಟ್ಟೆ ತಂದಿದ್ದೇನೆ. ಹತ್ತಿ ಬೇಡವೇ ಬೇಡ ಅನ್ನುತ್ತಾಳೆ. ನಿನಗೂ ಬೇಡವಾಗಿತ್ತೇ? ಸೋಮವಾರ ಕತ್ತರಿ ಹಾಕುತ್ತೇನೆ. ಅಷ್ಟರೊಳಗೆ ಉತ್ತರ ಬರಬೇಕು.

ಅಕ್ಕ