ಅರದಿಂದ ಮಾಡಿದ ಚಾಕು

೧೪ ಮಾರ್ಚ್, ಗುರುವಾರ

ಪ್ರೀತಿಯ ಪುಟ್ಟಿ,

ನಿನ್ನ ಕಾಗದ ಕೈಸೇರಿತು. ಮೊದಲ ಚಾಕುವಿಗೆ ಯಾವ ಉಕ್ಕು ಒಳ್ಳೆಯದು ಎಂದು ಕೇಳಿದ್ದೀಯ. ಅಪ್ಪನನ್ನು ಕೇಳಿದರೆ ಮಾತು ತೇಲಿಸಿಬಿಡುತ್ತಾನೆ ಎಂದು ಬೇಸರಪಟ್ಟುಕೊಂಡಿದ್ದೀಯ. ಅವನ ಮೇಲೆ ಸಿಟ್ಟಾಗಬೇಡ. ಅದಕ್ಕೆ ಕಾರಣ ನಾನು.

ಮೊದಲು ಉಕ್ಕಿನ ಮಾತು. ಸಾದಾ ಕಾರ್ಬನ್ ಉಕ್ಕಿನ ಹೊಸ ಪಟ್ಟಿಯನ್ನೇ ಅಂಗಡಿಯಿಂದ ತಂದುಕೋ; ಕಾರ್ಬನ್ ಶೇಕಡಾ ಒಂದೂ ಬೇಡ, ಮುಕ್ಕಾಲರಷ್ಟಿದ್ದರೆ ಸಾಕು. ಹೊಸಬರ ಸಣ್ಣಪುಟ್ಟ ತಪ್ಪನ್ನು ಅದು ಸಹಿಸಿಕೊಳ್ಳುತ್ತದೆ. ತುಕ್ಕು ಹಿಡಿಯದ ಸ್ಟೀಲಿನ ಹೊಳಪಿಗೆ ಮರುಳಾಗಬೇಡ, ಅದಕ್ಕೆ ಹದ ಕೊಡುವುದು ನಿನ್ನ ಪುಟ್ಟ ಕುಲುಮೆಯಲ್ಲಿ ಆಗದ ಕೆಲಸ. ಗುಜರಿ ಉಕ್ಕಂತೂ ಬೇಡವೇ ಬೇಡ. ಅದರ ಹಿಂದುಮುಂದು ನಮಗೆ ಗೊತ್ತಿರುವುದಿಲ್ಲ. ಎಣ್ಣೆಯಲ್ಲಿ ಅದ್ದಿ ಗಡುಸು ಮಾಡಿದ ಅಲಗನ್ನು ಮತ್ತೆ ಸಣ್ಣ ಶಾಖದಲ್ಲಿ ಎರಡು ಗಂಟೆ ಕಾಯಿಸಬೇಕು. ಇಲ್ಲದಿದ್ದರೆ ಗಾಜಿನಂತೆ ಮುರಿಯುತ್ತದೆ.

ಇದು ನನಗೂ ಗೊತ್ತಿತ್ತು. ಅವಸರದಲ್ಲಿ ಆ ಎರಡು ಗಂಟೆ ಬಿಟ್ಟೆ.

ಆಗ ನನಗೆ ಹತ್ತೊಂಬತ್ತು. ನಿನ್ನ ತಾತನ ಕಾರ್ಖಾನೆಯಲ್ಲಿ ಕಬ್ಬಿಣ ಉಜ್ಜಿ ಸವೆದ ಹಳೆಯ ಅರವೊಂದನ್ನು ಬಡಿದು, ಮಸೆದು, ಇಪ್ಪತ್ತು ದಿನ ಬೆರಳು ಸುಟ್ಟುಕೊಂಡು ಮೊದಲ ಚಾಕು ಮಾಡಿದ್ದೆ. ಮಧ್ಯಾಹ್ನ ಬಂದ ಮಾಂಸದಂಗಡಿಯವನು ಅದನ್ನು ಬೆಳಕಿಗೆ ಹಿಡಿದು, "ಯಾರ ಕೈಕೆಲ್ಸ ಇದು?" ಎಂದ. ನಿಮ್ಮಪ್ಪ, ನನ್ನ ಅಣ್ಣ, ನನ್ನ ಮುಂದೆಯೇ "ನಂದೇ" ಎಂದ. ತಾತ ಗೊತ್ತಿದ್ದೂ ತುಟಿ ಬಿಚ್ಚಲಿಲ್ಲ.

ಗಿರಾಕಿ ಹೋದ ಮೇಲೆ ಜಗಳ ಹತ್ತಿತು. "ಹುಡುಗಿ ಮಾಡಿದ್ದು ಅಂದ್ರೆ ಯಾರು ತಗೋತಾರೆ?" ಎಂದು ಅಣ್ಣ ನಕ್ಕ. ಮೇಜಿನ ಮೇಲಿದ್ದ ಚಾಕು ಯಾವಾಗ ನನ್ನ ಕೈಗೆ ಬಂತೋ ತಿಳಿಯದು. ಸುಳ್ಳು, ತಿಳಿಯುತ್ತದೆ, ನಾನೇ ಎತ್ತಿಕೊಂಡೆ. ಅವನ ಎದೆಗೆ ಚುಚ್ಚಿದೆ. ಪಕ್ಕೆಲುಬಿಗೆ ತಗುಲಿ ಠಣ್ಣೆಂದಿತು. ತುದಿ ಅವನೊಳಗೆ ಉಳಿಯಿತು. ಕೈಯಲ್ಲುಳಿದ ತುಂಡಿನಿಂದಲೇ ಇನ್ನೆರಡು ಸಲ ಹೊಡೆದೆ; ಅವನ ತೋಳು ಸೀಳಿತು. ಬಿಸಿ ರಕ್ತ ನನ್ನ ಮೊಣಕೈವರೆಗೂ ಇಳಿಯಿತು. ತಾತ ನನ್ನ ಜಡೆ ಹಿಡಿದೆಳೆದು ಗೋಡೆಗೆ ಅಪ್ಪಳಿಸಿದ ಮೇಲೆಯೇ ನಾನು ನಿಲ್ಲಿಸಿದ್ದು.

ಡಾಕ್ಟರು ಆ ಚೂರನ್ನು ತಟ್ಟೆಗೆ ಹಾಕುತ್ತಾ, "ಇದು ಮುರೀದೇ ಇದ್ದಿದ್ರೆ ನೇರ ಹೃದಯಕ್ಕೇ ಹೋಗ್ತಿತ್ತು" ಎಂದರಂತೆ. ಮಸೆಯುವಾಗ ಅಲಗು ಸಿಡಿಯಿತೆಂದು ಅಣ್ಣ ಅವರಿಗೆ ಹೇಳಿದ. ನಿನಗೂ ಅದನ್ನೇ ಹೇಳಿಕೊಂಡು ಬಂದಿದ್ದಾನೆ. ಹದಗೆಟ್ಟ ನನ್ನ ಕೈಕೆಲಸ ಅವನನ್ನು ಉಳಿಸಿತು, ಪುಟ್ಟಿ. ನನ್ನ ಒಳ್ಳೆಯತನವಲ್ಲ.

ನೀನು ಒಳ್ಳೆಯ ಉಕ್ಕನ್ನೇ ಆರಿಸಿಕೋ. ಕೋಪ ಬಂದ ದಿನ ಮಾತ್ರ ಕುಲುಮೆ ಆರಿಸಿ, ಬೀಗ ಹಾಕಿ ಹೊರಗೆ ನಡೆದುಬಿಡು.

ಇಷ್ಟು ಓದಿದ ಮೇಲೂ ನಿನಗೆ ಬೇಕೆನಿಸಿದರೆ,
ನಿನ್ನ ಅತ್ತೆ

ಕಾಗದ ಮಡಿಚುವ ಮುಂಚೆ: ಇದನ್ನು ನಿಮ್ಮಪ್ಪನಿಗೆ ಫೋನಿನಲ್ಲಿ ಓದಿ ಹೇಳಿದೆ. ಕೊನೆಯವರೆಗೂ ಕೇಳಿದ. ಆಮೇಲೆ, "ಸುತ್ತಿಗೆ ಎತ್ತಿ ಮೊದಲು ನಿನ್ನ ತಲೆಗೆ ಹೊಡೆದೋನು ನಾನು. ಅದನ್ನ ಯಾಕೆ ಬಿಟ್ಟೆ? ಸೇರಿಸು" ಎಂದ. ಸೇರಿಸಿದ್ದೇನೆ. ನನ್ನ ಎಡಗಿವಿ ಹುಟ್ಟಿನಿಂದ ಕಿವುಡು ಎಂದು ನಿನಗೆ ಹೇಳಿದ್ದೂ ಸುಳ್ಳು.