ಸಂಜೆಯ ಚೊಂಬು

ರೀ,

ನೀವು ಕಣ್ಣು ಮುಚ್ಚಿದ ಐದೇ ತಿಂಗಳಿಗೆ ತಾರಸಿಯ ಕುಂಡದಲ್ಲಿರುವ ನಮ್ಮ ನಿಂಬೆ ಗಿಡ ಮೈತುಂಬಾ ಹೂ ಬಿಟ್ಟಿದೆ! ಎಲೆ ಹಳದಿಯಾಗಿ ಉದುರುತ್ತಿದ್ದಾಗ, ಪಕ್ಕದ ಮನೆ ಮುನಿವೆಂಕಟಮ್ಮನ ಕಣ್ಣು ಬಿದ್ದಿದೆ ಎಂದು ಕುಂಡಕ್ಕೆ ದೃಷ್ಟಿಬೊಟ್ಟು ಇಟ್ಟಿದ್ದೆನಲ್ಲ? ದೃಷ್ಟಿ ತೆಗೆಯುವ ನಿಂಬೆಗೇ ದೃಷ್ಟಿಯೇ ಎಂದು ನೀವು ಇಡೀ ಅಮೃತಹಳ್ಳಿಗೆ ಕೇಳುವಂತೆ ನಕ್ಕಿದ್ದಿರಿ.

ಇವತ್ತು ಅದೇ ಮುನಿವೆಂಕಟಮ್ಮ ಹೂ ನೋಡಿ ಗುಟ್ಟು ಬಿಟ್ಟುಕೊಟ್ಟರು. "ಬೆಳಿಗ್ಗೆ ನೀವು ನೀರು ಉಯ್ತಿದ್ರಿ. ಸಂಜೆ ನೀವು ಭಜನೆಗೆ ಒಂಟ್ಮೇಲೆ ಯಜಮಾನ್ರು ಇನ್ನೊಂದು ಚೊಂಬು ಉಯ್ಯೋರು. ಬೇರು ಕೊಳೀದೆ ಇನ್ನೇನಾಯ್ತದೆ? ಬಾಯ್ಬಿಡ್ಬ್ಯಾಡಿ ಅಂತ ನನ್ ಕೈಲಿ ಆಣೆ ಆಕ್ಸ್ಕಂಡಿದ್ರು."

ಕಳ್ಳರು ನೀವು! ನನ್ನ ಗಿಡ ಮುಟ್ಟಬೇಡಿ ಎಂದು ಗದರಿದ್ದಕ್ಕೆ ಈ ಆಟವೇ? ನಾನು ಮಣ್ಣು ಬದಲಿಸಿದೆ, ಬೇವಿನ ಹಿಂಡಿ ಹಾಕಿದೆ. ನೀವು ಪಕ್ಕದಲ್ಲೇ ನಿಂತು "ಪಾಪ" ಎಂದಿರಿ. ಇವತ್ತು ಅದೆಲ್ಲ ನೆನೆದು ನಗು ತಡೆಯಲಾಗದೆ ಕುಂಡದ ಪಕ್ಕ ಕೂತೇಬಿಟ್ಟೆ.

ಈಗೆಲ್ಲ ಬೆರಳಿಟ್ಟು ನೋಡಿ, ಮಣ್ಣು ಒಣಗಿದ್ದರಷ್ಟೇ ನೀರು ಹಾಕುತ್ತೇನೆ. ಇವತ್ತು ಸಂಜೆ ಮಣ್ಣು ಒದ್ದೆಯಾಗಿಯೇ ಇತ್ತು. ಆದರೂ ನಿಮ್ಮ ಚೊಂಬು ತಂದು ಹುಯ್ದೆ. ಒಂದೆರಡು ಎಲೆ ಹಳದಿಯಾದರೆ ಆಗಲಿ ಬಿಡಿ.