ಮುಖಪುಟದ ನಗು

ಕಂಪನಿಯ ವಾರ್ಷಿಕ ವರದಿ ತಯಾರಿಸುವ ಸಾಹೇಬರಿಗೆ,

ನಮಸ್ಕಾರ. ನಿಮ್ಮ ವರದಿಯ ಮುಖಪುಟದಲ್ಲಿ ಹೆಲ್ಮೆಟ್ ಹಾಕಿಕೊಂಡು ನಗುತ್ತಿರುವವರು ನಮ್ಮ ಯಜಮಾನರು. ಫೋಟೋ ತೆಗೆಸಿಕೊಂಡ ಮರುವಾರವೇ ಕಾರ್ಖಾನೆಯ ಅಟ್ಟಣಿಗೆಯಿಂದ ಬಿದ್ದು ತೀರಿಕೊಂಡರು. ಈ ವರ್ಷ ಕಾರ್ಖಾನೆಯಲ್ಲಿ ಒಂದೂ ಸಾವಿಲ್ಲ ಎಂದು ಒಳಪುಟದಲ್ಲಿ ಬರೆದಿದ್ದೀರಂತೆ. ಮಗಳು ಓದಿ ಹೇಳಿದಳು. ವಿಚಾರಿಸಲು ಬಂದರೆ ನಿಮ್ಮ ಗುಮಾಸ್ತರು, "ಅವನು ಗುತ್ತಿಗೆಯವನಮ್ಮ, ನಮ್ಮ ಲೆಕ್ಕಕ್ಕೆ ಬರಲ್ಲ" ಅಂದರು. ಲೆಕ್ಕಕ್ಕಿಲ್ಲದವರು ಮುಖಪುಟಕ್ಕೆ ಹೇಗೆ ಬಂದರು ಎಂದು ನಾನು ಕೇಳಲಿಲ್ಲ.

ಆ ಫೋಟೋದ ದೊಡ್ಡ ಪ್ರತಿಯೊಂದನ್ನು ದಯವಿಟ್ಟು ಕಳಿಸಿ. ಅವರು ನಗುತ್ತಿರುವ ಚಿತ್ರ ನಮ್ಮ ಮನೆಯಲ್ಲಿಲ್ಲ. ಆಗುವುದಾದರೆ ಹೆಲ್ಮೆಟ್ ಅಳಿಸಿಕೊಡಿ. ಫೋಟೋ ತೆಗೆದ ಕೂಡಲೇ ನಿಮ್ಮವರು ಹೆಲ್ಮೆಟ್ಟನ್ನು ವಾಪಸ್ ತೆಗೆದುಕೊಂಡಿದ್ದರು. ಬಿದ್ದ ದಿನ ಅವರು ತಲೆಗೆ ಟವೆಲ್ ಸುತ್ತಿಕೊಂಡಿದ್ದರು.

ಇಂತಿ,
ನಿಮ್ಮ ಮುಖಪುಟದವರ ಹೆಂಡತಿ